ಆವಿಗೆಯಲ್ಲಿ ಘಟವು ನಾಶವಾಗುವುದೇ? – ಪಾಕಜವಿಚಾರ

ತರ್ಕಶಾಸ್ತ್ರದಲ್ಲಿ ಪಾಕಜಪ್ರಕ್ರಿಯೆಯೆಂಬ ಪ್ರಕರಣವೊಂದುಂಟು. ಕುಂಬಾರನು ಹಸಿಯ ಮಡಕೆಯನ್ನು ಆವಿಗೆಯಲ್ಲಿಟ್ಟು ಸುಡುವಾಗ ಅದರ ಶ್ಯಾಮವರ್ಣವು ಹೋಗಿ ರಕ್ತವರ್ಣವು ಹೇಗೆ ಬರುವುದೆಂಬುದೇ ಅದರ ವಿಷಯ. ಕೇಳುವುದಕ್ಕೆ ಅತ್ಯಲ್ಪವಾಗಿ ತೋರುವ ಈ ಪ್ರಶ್ನೆಯ ಮೇಲೆ ವೈಶೇಷಿಕರೂ ನೈಯಾಯಿಕರೂ ಸಾವಿರ ವರ್ಷಗಳಿಗೂ ಮೇಲ್ಪಟ್ಟು ವಾದಮಾಡಿದ್ದಾರೆ. ವೈಶೇಷಿಕನ ಬುದ್ಧಿಗೆ ಒರೆಗಲ್ಲೆಂದು ಎಣಿಸಿರುವ ಮೂರು ವಿಷಯಗಳಲ್ಲಿ ಇದೂ ಒಂದು. ವಿಜಯನಗರದ ಮಾಧವನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಸರ್ವದರ್ಶನಸಂಗ್ರಹವು ಔಲೂಕ್ಯದರ್ಶನವನ್ನು ನಿರೂಪಿಸುವಾಗ ಇದಕ್ಕೆ ಸಾಕಷ್ಟು ಸ್ಥಳವನ್ನು ಕೊಟ್ಟಿದೆ. ಹೀಗಿದ್ದರೂ ಈಗಿನ ಪಾಠಗಳಲ್ಲಿ ಇದನ್ನು ಶುಷ್ಕತರ್ಕವೆಂದು ದಾಟಿಬಿಡುವುದೇ ವಾಡಿಕೆಯಾಗಿದೆ. ದಾಟುವುದರಿಂದ ನಷ್ಟವೇನೆಂದರೆ, ಉಪನಿಷತ್ತು ಮೊದಲುಗೊಂಡು ಕನ್ನಡದ ಕಾವ್ಯ ವಚನಗಳವರೆಗೆ ಮಣ್ಣು ಮಡಕೆಗಳ ದೃಷ್ಟಾಂತವು ಬಂದಲ್ಲೆಲ್ಲ ಹಸಿಯ ಮಡಕೆ ಯಾವುದು, ಬೆಂದ ಮಡಕೆ ಯಾವುದು ಎಂಬ ವಿವೇಕವು ತಪ್ಪಿ, ಒಂದಕ್ಕೆ ಸಲ್ಲುವ ಮಾತನ್ನು ಇನ್ನೊಂದಕ್ಕೆ ಅನ್ವಯಿಸಿ ವ್ಯಾಖ್ಯಾನಮಾಡುವಂತಾಗಿದೆ.

ಮೊದಲು ಶಾಸ್ತ್ರದ ಪರಿಭಾಷೆಯನ್ನು ನೋಡಬೇಕು. ಪಾಕವೆಂದರೆ ವಿಜಾತೀಯವಾದ ತೇಜಸ್ಸಂಯೋಗ. ಅದರಿಂದ ಹುಟ್ಟುವ ಗುಣಗಳು ಪಾಕಜಗಳು. ರೂಪ, ರಸ, ಗಂಧ, ಸ್ಪರ್ಶ ಎಂಬ ನಾಲ್ಕು ಗುಣಗಳು ಪೃಥಿವಿಯಲ್ಲಿ ಮಾತ್ರ ಪಾಕಜಗಳಾಗಿವೆ. ನೀರು ಕಾದರೂ ಅದರ ಸ್ವಂತ ಗುಣಗಳು ಬದಲಾಗುವುದಿಲ್ಲ, ಆರಿದೊಡನೆ ಮೊದಲಿನಂತೆಯೇ ತಣ್ಣಗಿರುತ್ತದೆ. ಮಣ್ಣಾದರೋ ಒಮ್ಮೆ ಬೆಂದ ಮೇಲೆ ಆರಿದರೂ ಮೊದಲಿನ ಮಣ್ಣಾಗುವುದಿಲ್ಲ. ಈ ಭೇದವನ್ನು ಕಂಡುಹಿಡಿದದ್ದೇ ವೈಶೇಷಿಕರ ಮೊದಲನೆಯ ಸೂಕ್ಷ್ಮದರ್ಶನ. ತೇಜಸ್ಸಂಯೋಗದಲ್ಲಿಯೂ ಅವಾಂತರ ಭೇದಗಳುಂಟೆಂದು ತರ್ಕಸಂಗ್ರಹಕ್ಕೆ ನ್ಯಾಯಬೋಧಿನಿಯನ್ನು ಬರೆದ ಗೋವರ್ಧನನು ಮಾವಿನ ಹಣ್ಣಿನ ಉದಾಹರಣೆಯಿಂದ ತಿಳಿಸುತ್ತಾನೆ: ಹುಲ್ಲಿನಲ್ಲಿ ಒಡ್ಡಿದ ಕಾಯಿ ಕೆಲವು ವೇಳೆ ಹಸುರು ಹೋಗಿ ಹಳದಿಯಾದರೂ ಹುಳಿಯಾಗಿಯೇ ಇರುತ್ತದೆ, ಕೆಲವು ವೇಳೆ ಹಸುರಾಗಿಯೇ ಇದ್ದು ಸಿಹಿಯಾಗಿರುತ್ತದೆ. ಆದುದರಿಂದ ಬಣ್ಣವನ್ನು ಬದಲಾಯಿಸುವ ಶಾಖವೇ ಬೇರೆ, ರುಚಿಯನ್ನು ಬದಲಾಯಿಸುವ ಶಾಖವೇ ಬೇರೆ. ಮಾವಿನ ಹಣ್ಣನ್ನು ಕೊಂಡು ಮೋಸಹೋದವರು ಈ ಯುಕ್ತಿಯನ್ನು ಅಲ್ಲಗಳೆಯಲಾರರು.

ಇನ್ನು ವಿವಾದ. ಬಣ್ಣವು ಬದಲಾಗುವುದು ಎಲ್ಲಿ? ಪರಮಾಣುವಿನಲ್ಲಿಯೋ, ಇಡಿಯ ಘಟದಲ್ಲಿಯೋ? ಪರಮಾಣುವಿನಲ್ಲೆಂಬ ವೈಶೇಷಿಕರ ಮತವು ಪೀಲುಪಾಕವಾದ, ಪೀಲುವೆಂದರೆ ಪರಮಾಣು. ಘಟದಲ್ಲಿಯೇ ಎಂಬ ನೈಯಾಯಿಕರ ಮತವು ಪಿಠರಪಾಕವಾದ; ಪಿಠರವೆಂದರೆ ಮಡಕೆ.

ಪೀಲುಪಾಕವಾದವನ್ನು ಪ್ರಶಸ್ತಪಾದನು ಪದಾರ್ಥಧರ್ಮಸಂಗ್ರಹದಲ್ಲಿ ವಿಸ್ತರಿಸಿದ್ದಾನೆ. ಅವಯವಿಯಾದ ಘಟವು ಗಟ್ಟಿಯಾಗಿ ಇರುವವರೆಗೆ ಅದರ ಒಳಗಿನ ಪರಮಾಣುಗಳಿಗೆ ಅಗ್ನಿಯು ತಾಗಲಾರದು. ಒಳಗೂ ಹೊರಗೂ ಬಣ್ಣವು ಬದಲಾಗಿರುವುದಂತೂ ಪ್ರತ್ಯಕ್ಷ. ಆದುದರಿಂದ ಅಗ್ನಿಯ ಆಘಾತದಿಂದ ಪರಮಾಣುಗಳಲ್ಲಿ ಚಲನೆಯು ಹುಟ್ಟಿ, ಅವು ಒಂದನ್ನೊಂದು ಅಗಲಿ, ದ್ವ್ಯಣುಕಗಳು ನಾಶವಾಗಿ, ಕ್ರಮವಾಗಿ ಘಟವೇ ನಾಶವಾಗುತ್ತದೆ. ಬಿಡಿಯಾದ ಪರಮಾಣುಗಳಲ್ಲಿ ಶ್ಯಾಮರೂಪವು ಹೋಗಿ ರಕ್ತರೂಪವು ಹುಟ್ಟುತ್ತದೆ. ಬಳಿಕ ಆ ಘಟವನ್ನು ಉಪಯೋಗಿಸಬೇಕಾದವರ ಅದೃಷ್ಟದ ಬಲದಿಂದ ಪರಮಾಣುಗಳು ಮತ್ತೆ ಕೂಡಿ ದ್ವ್ಯಣುಕಾದಿ ಕ್ರಮದಿಂದ ಹೊಸದೊಂದು ಘಟವು ಆವಿಗೆಯೊಳಗೇ ಹುಟ್ಟುತ್ತದೆ. ಈ ನಾಶೋತ್ಪತ್ತಿಗಳಿಗೆ ಎಷ್ಟು ಕ್ಷಣ ಬೇಕೆಂದು ಟೀಕಾಕಾರರು ಲೆಕ್ಕಹಾಕಿದ್ದಾರೆ. ಹದಿನೇಳನೆಯ ಶತಮಾನದ ವಿಶ್ವನಾಥನ ಸಿದ್ಧಾಂತಮುಕ್ತಾವಳಿಯಲ್ಲಿ ಬರುವ ಒಂದು ಗಣನೆಯಂತೆ ದ್ವ್ಯಣುಕನಾಶವು ಮೊದಲನೆಯ ಕ್ಷಣ, ಶ್ಯಾಮನಾಶವು ಎರಡನೆಯದು, ರಕ್ತೋತ್ಪತ್ತಿಯು ಮೂರನೆಯದು; ಮುಂದೆ ಪುನಾರಚನೆಗೆ ಬೇಕಾದ ಕ್ರಿಯೆ, ವಿಭಾಗ, ಪೂರ್ವಸಂಯೋಗನಾಶ, ಆರಂಭಕಸಂಯೋಗ, ದ್ವ್ಯಣುಕೋತ್ಪತ್ತಿ ಇವು ನಡೆದು, ಒಂಬತ್ತನೆಯ ಕ್ಷಣದಲ್ಲಿ ಆ ದ್ವ್ಯಣುಕವು ಕೆಂಪಾಗುತ್ತದೆ. ಹತ್ತು, ಹನ್ನೊಂದು ಕ್ಷಣಗಳ ಪಕ್ಷಗಳೂ ಉಂಟು. ಅವುಗಳ ಭೇದವು ಪ್ರಕೃತಕ್ಕೆ ಅನಾವಶ್ಯಕ.

ನೈಯಾಯಿಕರು ಇದಕ್ಕೆ ಕೇಳುವ ಪ್ರಶ್ನೆಗಳು ಕುಂಬಾರನ ಅಂಗಳದಲ್ಲಿ ನಿಂತು ನೋಡಿದವರ ಪ್ರಶ್ನೆಗಳಾಗಿವೆ. ಆವಿಗೆಯಲ್ಲಿ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಕೆಳಗಿನದು ಪುಡಿಯಾದರೆ ಮೇಲಿನವು ಬೀಳಬೇಡವೆ? ಸಂದಿಯಲ್ಲಿ ಇಣಿಕಿ ನೋಡಿದರೆ ಉರಿಯ ನಡುವೆ ಮಡಕೆಯು ಮಡಕೆಯಾಗಿಯೇ ಕಾಣುತ್ತದೆಯಲ್ಲವೆ? ಇಟ್ಟಷ್ಟೇ ಸಂಖ್ಯೆ, ಇದ್ದಷ್ಟೇ ಪರಿಮಾಣ, ಗೆರೆ ಎಳೆದಲ್ಲಿಯೇ ಗೆರೆ, ಇವು ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ‘ಇದು ಅದೇ ಮಡಕೆ’ ಎಂಬ ಪ್ರತ್ಯಭಿಜ್ಞೆಯು ಬಾಧಿತವಾಗದಿರುವಾಗ ನಾಶವನ್ನು ಕಲ್ಪಿಸುವುದೇಕೆ? ಅಗ್ನಿಯು ಒಳಹೊಗುವ ಬಗೆ ಹೇಗೆಂದರೆ, ಮಡಕೆಯು ಸಚ್ಛಿದ್ರವಾದದ್ದು. ತುಂಬಿದ ಕೊಡವು ಹೊರಗೆ ಜಿನುಗುವುದೇ ಇದಕ್ಕೆ ಪ್ರಮಾಣ. ನೀರು ಹೊರಬರುವ ದಾರಿಯಲ್ಲಿ ಬೆಂಕಿ ಒಳಹೋಗಬಾರದೇಕೆ?

ವೈಶೇಷಿಕರ ಸಮಾಧಾನಗಳೂ ಸಾಮಾನ್ಯವಲ್ಲ. ದೀಪದ ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾದರೂ ‘ಅದೇ ದೀಪ’ವೆನ್ನುವುದುಂಟು, ಆ ಪ್ರತ್ಯಭಿಜ್ಞೆಯು ಸಾಜಾತ್ಯದಿಂದ ಆದದ್ದು. ಸೂಜಿಯ ಮೊನೆಯಿಂದ ಗೀಚಿ ಕೆಲವು ಕಣಗಳು ಉದುರಿದ ಘಟವನ್ನೂ ಅದೇ ಎನ್ನುತ್ತಾರೆ, ಅವಯವಗಳು ಕಡಮೆಯಾಗಿದ್ದರೂ. ಮೇಲಿನ ಮಡಕೆಗಳು ಬೀಳದಿರುವುದಕ್ಕೆ ತೇಜಸ್ಸಿನ ಅತಿಶಯವಾದ ವೇಗವೇ ಕಾರಣ. ಕೆಡಹುವುದೂ ಕಟ್ಟುವುದೂ ಕಣ್ಣಿಗೆ ತೋರದಷ್ಟು ಬೇಗನೆ ಮುಗಿದುಹೋಗುತ್ತವೆ.

ಶಾಸ್ತ್ರವು ಇಲ್ಲಿಗೆ ನಿಂತಿತು. ಇದಕ್ಕಿಂತ ಮುಂದೆ ಹೋಗಬೇಕಾದರೆ ಮಣ್ಣಿನ ಒಳಗನ್ನು ನೋಡುವ ಉಪಾಯವು ಬೇಕಾಗಿತ್ತು. ಆ ಉಪಾಯವು ಇಪ್ಪತ್ತನೆಯ ಶತಮಾನದಲ್ಲಿ ದೊರೆಯಿತು. ೧೯೧೨ರಲ್ಲಿ ಲಾವೆಯು ಹರಳುಗಳ ಮೂಲಕ ಕ್ಷಕಿರಣಗಳನ್ನು ಹಾಯಿಸಿ ಅವುಗಳ ಒಳಗಿನ ಕಣವಿನ್ಯಾಸವನ್ನು ತಿಳಿಯುವ ಮಾರ್ಗವನ್ನು ತೆರೆದನು. ೧೯೩೦ರಲ್ಲಿ ಲೈನಸ್ ಪಾಲಿಂಗನು ಜೇಡಿಮಣ್ಣಿನ ಮುಖ್ಯ ಖನಿಜಗಳಲ್ಲೊಂದಾದ ಕೆಯೊಲಿನೈಟಿನ ರಚನೆಯನ್ನು ಸೂಚಿಸಿದನು. ಅದು ಪದರಪದರವಾಗಿದೆ. ಸಿಲಿಕಾದ ಒಂದು ಹಾಳೆ, ಅಲ್ಯೂಮಿನಾದ ಒಂದು ಹಾಳೆ ಕೂಡಿ ಒಂದು ಪದರ. ತಾಳೆಗರಿಯ ಕಟ್ಟಿನಲ್ಲಿ ಗರಿಯ ಮೇಲೆ ಗರಿಯಿರುವಂತೆ ಇಂತಹ ಪದರಗಳು ಸೇರಿ ಒಂದು ಸಣ್ಣ ದಳವಾಗುತ್ತದೆ. ದಳದ ಅಗಲವು ಸಾಧಾರಣವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿರುತ್ತದೆ. ದಳಗಳ ನಡುವೆ ನೀರು ಸೇರಿದಾಗ, ನೆನೆದ ವೀಳ್ಯದೆಲೆಗಳು ಒಂದರ ಮೇಲೊಂದು ಜಾರುವಂತೆ ಅವೂ ಜಾರುತ್ತವೆ. ಒತ್ತುವುದನ್ನು ನಿಲ್ಲಿಸಿದರೆ ಅಲ್ಲಿಯೇ ನಿಲ್ಲುತ್ತವೆ. ತಿಗುರಿಯ ಮೇಲೆ ಮಣ್ಣು ಬೆರಳಿಗೆ ಒಲಿಯುವ ‘ಹದ’ವೆಂಬುದು ಇದೇ.

ಇನ್ನು ಪಾಕ. ಮಣ್ಣಿನಲ್ಲಿರುವ ನೀರು ಎರಡು ತೆರ. ದಳಗಳ ನಡುವೆ ಇರುವ ನೀರು ನೆರಳಿನಲ್ಲಿ ಒಣಗುವಾಗ ಬಹುಭಾಗವೂ, ನೂರು ಡಿಗ್ರಿಯ (ಸೆಂಟಿಗ್ರೇಡ್) ಆಸುಪಾಸಿನಲ್ಲಿ ಉಳಿದದ್ದೂ ಹೋಗುತ್ತದೆ. ಇದನ್ನು ಅವಸರಪಡಿಸಿದರೆ ಒಳಗೇ ಆವಿಯಾಗಿ ಮಡಕೆಯು ಸಿಡಿಯುತ್ತದೆ. ಕುಂಬಾರನು ಮೊದಮೊದಲು ಮೆಲ್ಲನೆಯ ಹೊಗೆಯುರಿಯನ್ನೇ ಕೊಡುವುದು ಇದಕ್ಕಾಗಿ. ಇಲ್ಲಿಯವರೆಗೆ ಪಾಕವಾಗಿಲ್ಲ, ಈ ಮಡಕೆಯನ್ನು ನೀರಿನಲ್ಲಿಟ್ಟರೆ ಕರಗಿ ಮಣ್ಣಾಗುತ್ತದೆ. ಎರಡನೆಯ ನೀರು ಪದರಗಳ ರಚನೆಯಲ್ಲಿಯೇ ಕಟ್ಟುಬಿದ್ದಿರುತ್ತದೆ. ಶುದ್ಧ ಕೆಯೊಲಿನೈಟಿನ ತೂಕದಲ್ಲಿ ನೂರಕ್ಕೆ ಸುಮಾರು ೧೪ ಪಾಲು ಇದೇ. ೪೫೦ರಿಂದ ೬೦೦ ಡಿಗ್ರಿಯವರೆಗಿನ ಶಾಖದಲ್ಲಿ ಇದು ಬಿಟ್ಟುಹೋಗುತ್ತದೆ. ೧೮೮೭ರಲ್ಲಿ ಫ್ರಾನ್ಸಿನ ಲ ಶಾತೆಲಿಯೇ ಎಂಬ ರಸಾಯನಶಾಸ್ತ್ರಜ್ಞನು ಜೇಡಿಮಣ್ಣುಗಳನ್ನು ಕಾಯಿಸಿ ಅವುಗಳ ಶಾಖದ ಏರಿಕೆಯನ್ನು ಅಳೆದು ಇಂತಹ ಘಟ್ಟಗಳನ್ನು ಪರೀಕ್ಷಿಸಿದ್ದನು. ಹೋದ ನೀರಿನ ಹಿಂದೆ ಉಳಿಯುವುದೇನು? ಕ್ಷಕಿರಣದ ಪರೀಕ್ಷೆಯಲ್ಲಿ ಕೆಯೊಲಿನೈಟಿನ ಗುರುತುಗಳು ಅಳಿಸಿಹೋಗಿರುತ್ತವೆ. ಕಣಗಳ ಕ್ರಮಬದ್ಧವಾದ ವಿನ್ಯಾಸವು ಕೆಟ್ಟಿರುತ್ತದೆ. ಆದರೆ ಅದೇ ದಳವನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಹೊರಗಿನ ಆಕಾರವು ಬಹುಮಟ್ಟಿಗೆ ಹಾಗೆಯೇ ಇರುತ್ತದೆ!

ವಿವಾದದ ಗಂಟು ಬಿಚ್ಚುವುದು ಇಲ್ಲಿ. ಒಳಗಿನ ಆರಂಭಕಸಂಯೋಗವು ನಾಶವಾಗಿದೆಯೆಂಬ ಅಂಶದಲ್ಲಿ ವೈಶೇಷಿಕನು ಗೆದ್ದಿದ್ದಾನೆ. ಮೇಲಿನ ಮಡಕೆಗಳು ಬೀಳಲಿಲ್ಲ, ಗೆರೆಯು ಗೆರೆಯಾಗಿಯೇ ಇದೆಯೆಂಬ ಅಂಶದಲ್ಲಿ ನೈಯಾಯಿಕನು ಗೆದ್ದಿದ್ದಾನೆ. ಮಡಕೆಯೇನು, ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ದಳವೂ ಪುಡಿಯಾಗಲಿಲ್ಲ. ಇಬ್ಬರೂ ಸೋತದ್ದು ಒಂದೇ ಸಾಮಾನ್ಯವಾದ ಅಂಗೀಕಾರದಲ್ಲಿ: ಒಳಗಿನ ರಚನೆ ಕೆಟ್ಟರೆ ಹೊರಗಿನ ಅವಯವಿಯೂ ಕೆಡಲೇಬೇಕೆಂದು ವೈಶೇಷಿಕನು ಹೇಳಿದನು, ಹೊರಗಿನ ಅವಯವಿ ಕೆಡದಿದ್ದರೆ ಒಳಗಿನದೂ ಕೆಟ್ಟಿಲ್ಲವೆಂದು ನೈಯಾಯಿಕನು ಹೇಳಿದನು. ಎರಡೂ ಒಂದೇ ವ್ಯಾಪ್ತಿಯ ಎರಡು ಮುಖಗಳು. ಆ ವ್ಯಾಪ್ತಿಗೆ ವ್ಯಭಿಚಾರವಿದೆಯೆಂಬುದನ್ನು ಸುಟ್ಟ ಜೇಡಿಮಣ್ಣೇ ತೋರಿಸಿಕೊಟ್ಟಿತು.

ಪರಿಮಾಣದ ಮಾತಿನಲ್ಲಿಯಂತೂ ನೈಯಾಯಿಕನ ಹೇತುವು ಅಸಿದ್ಧ. ಬೇಯುವಾಗ ಮಣ್ಣು ಕುಗ್ಗುತ್ತದೆ. ಹೆಚ್ಚು ಬೆಂದರೆ ಹೆಚ್ಚು ಕುಗ್ಗುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ಕುಂಬಾರ ಜೋಸಯ್ಯ ವೆಜ್‌ವುಡ್ಡನು ೧೭೮೨ರಲ್ಲಿ ಈ ಕುಗ್ಗುವಿಕೆಯನ್ನೇ ಅಳತೆಗೋಲಾಗಿ ಮಾಡಿಕೊಂಡು ಗೂಡಿನ ಶಾಖವನ್ನು ಅಳೆಯುವ ಸಾಧನವನ್ನು ಪ್ರಕಟಪಡಿಸಿದನು. ಅವನ ಲೆಕ್ಕಗಳು ಅನಂತರ ತಪ್ಪೆಂದು ತಿಳಿದುಬಂದರೂ ಕುಗ್ಗುವಿಕೆಯು ಸುಳ್ಳಾಗಲಿಲ್ಲ.

ಇಷ್ಟರಿಂದ ಕಣಾದನ ಪರಮಾಣುವೂ ಇಂದಿನ ರಸಾಯನಶಾಸ್ತ್ರದ ಪರಮಾಣುವೂ ಒಂದೇ ಎಂದು ಹೇಳಹೊರಡುವುದು ಸಾಹಸ. ವೈಶೇಷಿಕರ ಪಾರ್ಥಿವ ಪರಮಾಣುವಿಗೆ ತನ್ನದೇ ಆದ ಬಣ್ಣವುಂಟು, ಗಂಧವುಂಟು. ಬೆಂಕಿಯು ಆ ಬಣ್ಣವನ್ನೇ ತೆಗೆದು ಬೇರೊಂದನ್ನು ಇಡುತ್ತದೆ. ಇಂದಿನ ಮತದಲ್ಲಿ ಸಿಲಿಕಾನಿನ ಪರಮಾಣು ಬೆಂಕಿಯಲ್ಲಿ ಬದಲಾಗುವುದಿಲ್ಲ. ಬದಲಾಗುವುದು ಅದಕ್ಕೂ ನೆರೆಯ ಪರಮಾಣುಗಳಿಗೂ ಇರುವ ಸಂಯೋಗ. ಬಣ್ಣವೆಂಬುದು ಆ ಸಂಯೋಗದ ಫಲ. ನಮ್ಮಲ್ಲಿಯೇ ಎಲ್ಲವೂ ಇತ್ತೆಂದು ಹೇಳುವ ಉತ್ಸಾಹವು ಪ್ರಾಚೀನರು ನಿಜವಾಗಿ ಹೇಳಿದ್ದನ್ನು ಮರೆಯಿಸಿಬಿಡುತ್ತದೆ.

ಕ್ಷಣಪ್ರಕ್ರಿಯೆಯ ಉತ್ತರಾರ್ಧವಾದ ಪುನಾರಚನೆಯ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಕ್ರಮ ಕೆಟ್ಟ ಕೆಯೊಲಿನೈಟು ಸುಮಾರು ೯೮೦ ಡಿಗ್ರಿಯಲ್ಲಿ ಮತ್ತೆ ಹೊಸ ಹರಳುಗಳಾಗಿ ಕೂಡಿಕೊಳ್ಳಲು ಆರಂಭಿಸುತ್ತದೆ. ಇನ್ನೂ ಮೇಲೆ ಮುಲ್ಲೈಟ್ ಎಂಬ ಸೂಜಿಯಾಕಾರದ ಹರಳುಗಳು ಬಲಿಯುತ್ತವೆ. ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ ಸಹಜವಾಗಿ ದೊರೆತುದರಿಂದ ೧೯೨೪ರಲ್ಲಿ ಇದಕ್ಕೆ ಆ ಹೆಸರು ಬಂತು. ಮಣ್ಣಿನಲ್ಲಿರುವ ಪೊಟ್ಯಾಷು ಸೋಡಾಗಳು ಕರಗಿ ಗಾಜಾಗಿ ಸಂದುಗಳನ್ನು ತುಂಬುತ್ತವೆ. ೧೩೦೦ ಡಿಗ್ರಿಯ ಆಸುಪಾಸಿನಲ್ಲಿಯೂ ಅದಕ್ಕೆ ಮೇಲೆಯೂ ಬೇಯುವ ಪಿಂಗಾಣಿಯು ನೀರನ್ನು ಹೀರದಿರುವುದು ಹೀಗೆ. ಹಳ್ಳಿಯ ಆವಿಗೆಯಾದರೋ ಸೌದೆ, ಹುಲ್ಲು, ಬೆರಣಿಗಳಿಂದ ಉರಿಯುವಂಥದು. ಅದು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಊರ ಕೆರೆಯ ಮಣ್ಣು ಶುದ್ಧ ಕೆಯೊಲಿನೈಟೂ ಅಲ್ಲ. ಬೇರೆ ಜೇಡಿಗಳು, ಮರಳು, ಕಬ್ಬಿಣ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಆದುದರಿಂದ ಸಾಮಾನ್ಯವಾದ ಮಡಕೆಯು ಒಂಬತ್ತು ಕ್ಷಣಗಳ ನಡುವೆ ಎಲ್ಲಿಯೋ ನಿಂತುಹೋದ ವಸ್ತು: ಕೆಡಹುವುದು ಮುಗಿದಿದೆ, ಕಟ್ಟುವುದು ಮುಗಿದಿಲ್ಲ.

ಬಣ್ಣದ ವಿಷಯವನ್ನು ಬೇಗನೆ ಹೇಳಿಬಿಡಬಹುದು. ಕೆಂಪಿಗೆ ಕಾರಣವು ಮಣ್ಣಿನಲ್ಲಿರುವ ಕಬ್ಬಿಣ. ಗಾಳಿಯಾಡುವ ಉರಿಯಲ್ಲಿ ಅದು ಆಮ್ಲಜನಕವನ್ನು ಕೂಡಿಕೊಂಡು ಕೆಂಪಾಗುತ್ತದೆ. ಗಾಳಿಯನ್ನು ತಡೆದು ಹೊಗೆಯಲ್ಲಿ ಬೇಯಿಸಿದರೆ ಆಮ್ಲಜನಕವನ್ನು ಕಳೆದುಕೊಂಡೂ ಮಸಿಯನ್ನು ಹೀರಿಯೂ ಮಡಕೆಯು ಕಪ್ಪಾಗುತ್ತದೆ. ತೇಜಸ್ಸನ್ನು ಮಾತ್ರ ಎಣಿಸಿ ಗಾಳಿಯನ್ನು ಬಿಟ್ಟದ್ದು ಶಾಸ್ತ್ರದ ನ್ಯೂನತೆ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಬೃಹಚ್ಛಿಲಾ ಸಮಾಧಿಗಳಲ್ಲಿ ದೊರೆತ ಪಾತ್ರೆಗಳು ಒಳಗೂ ಬಾಯಿಯ ಬಳಿಯೂ ಕಪ್ಪು, ಹೊರಗೆ ಕೆಳಭಾಗದಲ್ಲಿ ಕೆಂಪು. ಬೋರಲಾಗಿಟ್ಟು ಸುಟ್ಟದ್ದರಿಂದ ಗಾಳಿ ತಾಗಿದ ಕಡೆ ಕೆಂಪೂ ತಾಗದ ಕಡೆ ಕಪ್ಪೂ ಆಯಿತೆಂದು ಒಂದು ಪಕ್ಷ. ಎರಡು ಸಲ ಸುಟ್ಟರೆಂದು ಇನ್ನೊಂದು. ಹೇಗಾದರೂ ಒಂದೇ ಮಣ್ಣು, ಒಂದೇ ಪಾತ್ರೆ, ಎರಡು ಬಣ್ಣ. ತಾರ್ಕಿಕರು ಇಂತಹದೊಂದು ಪಾತ್ರೆಯನ್ನು ಎದುರಿಗಿಟ್ಟುಕೊಂಡಿದ್ದರೆ ಪ್ರಕರಣವು ಇನ್ನೂ ಹತ್ತು ಪುಟ ಬೆಳೆಯುತ್ತಿತ್ತು.

ರೂಪಕ್ಕಿಂತ ಸ್ಪರ್ಶವೇ ಇಲ್ಲಿ ಗುರುತರವಾದದ್ದು. ಶಾಸ್ತ್ರವು ನಾಲ್ಕು ಗುಣಗಳನ್ನು ಹೇಳಿದ್ದರೂ ಉದಾಹರಣೆಗಳಲ್ಲಿ ಬಣ್ಣವೇ ಮೆರೆದುದರಿಂದ ಪಾಕಜವೆಂದರೆ ಬಣ್ಣವೆಂಬ ಭ್ರಮೆಯು ಬೇರೂರಿದೆ. ಮನೆಯಾಕೆಯು ಸಂತೆಯಲ್ಲಿ ಮಡಕೆಯನ್ನು ಕೊಳ್ಳುವಾಗ ಬಣ್ಣವನ್ನು ನೋಡಿ ತೃಪ್ತಳಾಗುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾಳೆ. ಕಣಗಳು ಒಂದಕ್ಕೊಂದು ಬೆಸೆದುಕೊಂಡ ಮಡಕೆಯಲ್ಲಿ ಕಂಪನವು ತಡೆಯಿಲ್ಲದೆ ಹರಿದು ನಾದವಾಗುತ್ತದೆ. ಬೇಯದ ಅಥವಾ ಬಿರುಕುಬಿಟ್ಟ ಮಡಕೆಯಲ್ಲಿ ಅದು ಅಲ್ಲಲ್ಲಿಯೇ ಅಡಗುತ್ತದೆ. ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಶರಣನು ಮಡಕೆಯನ್ನು ಬಾರಿಸಿದ ನಾದಕ್ಕೆ ಶಿವನು ಕುಣಿಯುತ್ತಾನೆ. ಆ ಪ್ರಸಂಗವನ್ನು ಪಾಠಹೇಳುವಾಗ ಗಮನಿಸತಕ್ಕ ಅಂಶವೊಂದಿದೆ: ಹಸಿಯ ಮಡಕೆಗೆ ಅಂತಹ ನಾದವಿಲ್ಲ. ಭಕ್ತಿಯ ಮಹಿಮೆಯನ್ನು ಹೇಳುವ ಕವಿಯು ಕಾಯಕದ ಫಲವಾದ ಪಾಕವನ್ನೂ ಜತೆಯಲ್ಲಿಯೇ ಹೇಳಿದಂತಾಗಿದೆ.

ಗಟ್ಟಿಯಾದದ್ದೇ ಒಡೆಯುತ್ತದೆಯೆಂಬುದು ಈ ದ್ರವ್ಯದ ವೈಚಿತ್ರ್ಯ. ಲೋಹವನ್ನು ಬಡಿದರೆ ಅದರ ಕಣಸಾಲುಗಳು ಜಾರಿ ಅದು ತಗ್ಗುತ್ತದೆ. ಸುಟ್ಟ ಮಣ್ಣಿನಲ್ಲಿ ಬಂಧಗಳು ಬಲವಾದರೂ ಜಾರಲಾರವು. ಒತ್ತಡವನ್ನು ಅದು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಎಳೆತ ಬಿದ್ದಲ್ಲಿ ಮೊದಲೇ ಇರುವ ಕೂದಲೆಳೆಯ ಸೀಳೊಂದು ಬಾಯ್ದೆರೆದು ಕ್ಷಣದಲ್ಲಿ ಆಚೆಗೆ ಹಾಯುತ್ತದೆ. ಇಂತಹ ಸೀಳುಗಳೇ ಗಾಜಿನಂತಹ ವಸ್ತುಗಳ ದೌರ್ಬಲ್ಯಕ್ಕೆ ಕಾರಣವೆಂದು ೧೯೨೧ರಲ್ಲಿ ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿಯು ಗಣಿತದಿಂದ ತೋರಿಸಿದನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂದು ಕನ್ನಡಿಗರು ಗಣಿತವಿಲ್ಲದೆಯೇ ಹೇಳಿಕೊಂಡಿದ್ದರು. ಅಡುಗೆಯ ಗಡಿಗೆಗೆ ಕುಂಬಾರನು ಮರಳನ್ನೋ ಹೊಟ್ಟನ್ನೋ ಬೆರಸುವುದು ಈ ಸೀಳಿಗೆ ಅಡ್ಡಿಯೊಡ್ಡುವುದಕ್ಕೆ. ಹೊಟ್ಟು ಸುಟ್ಟುಹೋಗಿ ಉಳಿದ ತೂತು, ಮರಳಿನ ಹರಳು ಇವುಗಳಲ್ಲಿ ಸೀಳು ತಡೆದು ನಿಲ್ಲುತ್ತದೆ. ಒಲೆಯ ಮೇಲಿನ ಏರಿಳಿತವನ್ನು ಮಡಕೆಯು ಸಹಿಸುತ್ತದೆ. ನೈಯಾಯಿಕನು ಹಿಡಿದು ತೋರಿಸಿದ ಛಿದ್ರವು ದೋಷವಲ್ಲ, ಗುಣವೇ ಆಗಿದೆ. ಹೂಜಿಯ ನೀರು ತಣ್ಣಗಾಗುವುದೂ ಅದರಿಂದಲೇ: ಹೊರಗೆ ಜಿನುಗಿದ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಒಳಗಿನಿಂದ ಸೆಳೆದುಕೊಳ್ಳುತ್ತದೆ.

ಈಗ ದೃಷ್ಟಾಂತಕ್ಕೆ ಬರೋಣ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಒಂದು ಮೃತ್ಪಿಂಡವನ್ನು ತಿಳಿದರೆ ಮೃಣ್ಮಯವೆಲ್ಲವೂ ತಿಳಿದಂತೆಯೇ ಎಂದು ಬೋಧಿಸುತ್ತಾನೆ. ಇದನ್ನು ವಿವರಿಸುವಾಗ ‘ಮಡಕೆ ಒಡೆದರೆ ಮತ್ತೆ ಮಣ್ಣು’ ಎಂಬ ಮಾತನ್ನು ಸೇರಿಸುವುದು ರೂಢಿ. ಒಡೆದರೆ ಓಡಾಗುವುದೇ ಹೊರತು ಮಣ್ಣಾಗುವುದಿಲ್ಲ. ಓಡನ್ನು ವರ್ಷವಿಡೀ ನೀರಿನಲ್ಲಿ ನೆನೆಯಿಟ್ಟರೂ ತಿಗುರಿಗೆ ಬಾರದು. ಕುಟ್ಟಿ ಪುಡಿಮಾಡಿದರೆ ಹೊಸ ಮಣ್ಣಿಗೆ ಮರಳಿನಂತೆ ಬೆರಸಬಹುದು, ಅಷ್ಟೆ. ಹಾಗಾದರೆ ಶ್ರುತಿಗೆ ಬಾಧೆಯೆ? ಬಾಧೆಯಿಲ್ಲ. ಶ್ರುತಿಯು ಪಿಂಡವನ್ನೂ ಮೃಣ್ಮಯವನ್ನೂ ಹೇಳಿತೇ ಹೊರತು ಆವಿಗೆಯನ್ನು ಹೇಳಲಿಲ್ಲ, ಹಿಂದಿರುಗುವುದನ್ನೂ ಹೇಳಲಿಲ್ಲ. ಕಾರಣದ ಜ್ಞಾನದಿಂದ ಕಾರ್ಯದ ಜ್ಞಾನವೆಂಬಷ್ಟರಲ್ಲಿಯೇ ಅಲ್ಲಿ ತಾತ್ಪರ್ಯ. ಬಾಧೆಯು ವ್ಯಾಖ್ಯಾನದಲ್ಲಿ ಸೇರಿಸಿದ ಮಾತಿಗೆ. ದೇಹವನ್ನು ಹಸಿಯ ಮಡಕೆಗೆ ಹೋಲಿಸುವ ಕವಿಗಳಲ್ಲಿಯಾದರೋ ನೀರಿಗೆ ಕರಗುವುದೇ ಸಾಧಾರಣ ಧರ್ಮ. ಅಲ್ಲಿ ‘ಹಸಿ’ ಎಂಬ ವಿಶೇಷಣವನ್ನು ಛಂದಸ್ಸಿನ ಪೂರಣವೆಂದು ಬಿಟ್ಟರೆ ಉಪಮೆಯೇ ಒಡೆದುಹೋಗುತ್ತದೆ.

ಓಡು ಮಣ್ಣಾಗದೆಂಬ ಮಾತಿಗೂ ಒಂದು ಅಪವಾದವು ಈಚೆಗೆ ಕಾಣಿಸಿಕೊಂಡಿದೆ. ಸುಟ್ಟ ಮಣ್ಣು ಆವಿಗೆಯಿಂದ ಹೊರಬಂದ ಗಳಿಗೆಯಿಂದ ಗಾಳಿಯಲ್ಲಿರುವ ತೇವವನ್ನು ಹೀರಿ, ಕಳೆದುಕೊಂಡ ಆ ಎರಡನೆಯ ತೆರದ ನೀರನ್ನು ಅಣುಅಣುವಾಗಿ ಮತ್ತೆ ತನ್ನ ರಚನೆಯಲ್ಲಿ ಕಟ್ಟಿಕೊಳ್ಳುತ್ತ ಹೋಗುತ್ತದೆ. ಮೊದಲು ಬೇಗನೆ, ಬರಬರುತ್ತ ಅತಿ ನಿಧಾನವಾಗಿ, ಶತಮಾನಗಳವರೆಗೆ ಇದು ನಡೆಯುತ್ತದೆ. ಹಳೆಯ ಇಟ್ಟಿಗೆಯ ಗೋಡೆಗಳು ಕೂದಲೆಳೆಯಷ್ಟು ಉಬ್ಬುವುದಕ್ಕೆ ಇದೂ ಒಂದು ಕಾರಣ. ೨೦೦೯ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರನ್ನೊಳಗೊಂಡ ಒಂದು ತಂಡವು, ಓಡನ್ನು ಮತ್ತೆ ೫೦೦ ಡಿಗ್ರಿಗೆ ಕಾಯಿಸಿ ಆ ನೀರನ್ನು ಹೊರಡಿಸಿ ತೂಗಿದರೆ, ಅದು ಮೊದಲು ಬೆಂದ ಕಾಲವನ್ನು ಗಣಿಸಬಹುದೆಂದು ಸೂಚಿಸಿತು. ಅನಂತರದ ಪರೀಕ್ಷೆಗಳಲ್ಲಿ ಕೆಲವು ಓಡುಗಳು ಸರಿಯಾದ ಕಾಲವನ್ನು ಹೇಳಿವೆ, ಕೆಲವು ಹೇಳಿಲ್ಲ. ಮಣ್ಣಿನ ಜಾತಿ, ಬೆಂದ ಶಾಖ, ಹೂತಿದ್ದ ನೆಲದ ಉಷ್ಣತೆ ಇವೆಲ್ಲವೂ ಲೆಕ್ಕದಲ್ಲಿ ಸೇರುತ್ತವೆ. ಪೂರ್ಣವಾಗಿ ಬೆಂದು ಗಾಜುಗಟ್ಟಿದ ಪಿಂಗಾಣಿಯಲ್ಲಿ ಈ ನೀರು ಸೇರುವುದು ಅತ್ಯಲ್ಪ. ನಡುವೆ ನಿಂತುಹೋದ ಹಳ್ಳಿಯ ಮಡಕೆಯಲ್ಲಿ ಮಾತ್ರ ಅದು ಧಾರಾಳವಾಗಿ ನಡೆಯುತ್ತದೆ.